ಹಳೆ ಲಾರಿ ಮಡ್ಗಾರ್ಡ್ ಒಳಗೆ ತುಕ್ಕು ತಡೆಯೋಕೆ: ಕಪ್ಪು ಕೋಟಿಂಗಾ, ಎಣ್ಣೆ ಸ್ಪ್ರೇನಾ?

ಚಿತ್ರದುರ್ಗದ ಭೀಮಸಮುದ್ರ ಕಡೆ ಅದಿರು ಹೊತ್ತ ಹಳೆ ಲಾರಿ ಅಂದ್ರೆ ಚಕ್ರದ ಮೇಲ್ಗಡೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಅಂಚಿನ ಮಡಿಕೆಯಲ್ಲಿ ಸ್ಕ್ರೂಡ್ರೈವರ್ ಆಡಿಸಿ, ಹೆಂಟೆ ಹೆಂಟೆಯಾಗಿ ಉದುರುತ್ತದೆ. ತೇವ ಹಿಡಿದಿಡೋದು ಅದೇ. ಏನೇ ಹಚ್ಚಿದರೂ ಮೊದಲು ವಾಟರ್ ಸರ್ವಿಸ್, ವೈರ್ ಬ್ರಷ್, 2 ದಿನ ಬಿಸಿಲು.

ಟಾರ್ ಥರದ ಕಪ್ಪು ಕೋಟಿಂಗ್ ದಪ್ಪ, ಜಲ್ಲಿ ಏಟು ತಡೆಯುತ್ತದೆ. ಆದರೆ ತುಕ್ಕಿನ ಮೇಲೆ ಸುಮ್ನೆ ಬಳಿದರೆ ಬಿರುಕಲ್ಲಿ ನೀರು ಇಳಿದು ಒಳಗೊಳಗೇ ತಗಡು ತಿನ್ನುತ್ತದೆ. ಮೇಲೆ ಮಾತ್ರ ಫಳಫಳ! ಕೆಳಗೆ ರೆಡ್ ಆಕ್ಸೈಡ್ ಪ್ರೈಮರ್ (ತುಕ್ಕು ತಡೆಯೋ ಮೊದಲ ಪದರದ ಬಣ್ಣ) ಬೇಕೇ ಬೇಕು.

ಮೇಣ, ಎಣ್ಣೆ ಬೆರೆತ ಸ್ಪ್ರೇ ಮಡಿಕೆಯೊಳಗೂ ನುಗ್ಗುತ್ತದೆ. ಧೂಳು ಜಾಸ್ತಿ ಅಂಟುತ್ತದೆ, ಪ್ರತಿ ಮಳೆಗಾಲಕ್ಕೆ ಮುಂಚೆ ಮತ್ತೆ ಹೊಡೆಯಬೇಕು. ತುಕ್ಕು ಆಗಲೇ ಹತ್ತಿದ್ದರೆ ನನ್ನ ಓಟು ಇದಕ್ಕೇ. ತಗಡು ಗಟ್ಟಿಯಿದ್ದರೆ ಕೋಟಿಂಗ್. ತೂತು ಬಿದ್ದಿದೆಯಾ? ಮೊದಲು ವೆಲ್ಡಿಂಗ್. ಎಣ್ಣೆ ಹೊಡೆದ ಮೇಲೆ ವೆಲ್ಡಿಂಗ್‌ಗೆ ಹೋದರೆ ಬೆಂಕಿ ಹತ್ತೀತು.