ಪೊರೆ ಆಪರೇಷನ್ ಆದ ಮೇಲೂ ಉಳಿದ ಪವರ್‌ಗೆ ಲೇಸರ್: ಕೆಲವು ವರ್ಷಗಳ ಬಳಕೆಯ ನಂತರ

ಬಲಗಣ್ಣಿನ ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡ ಮೇಲೆ ಬಣ್ಣಗಳೆಲ್ಲ ತೊಳೆದಿಟ್ಟ ಹಾಗೆ ಕಂಡವು. ಅಕ್ಷರ ಮಾತ್ರ ಚೂಪಾಗಿರಲಿಲ್ಲ. ಬಸ್ಸಿನ ಬೋರ್ಡಿನಲ್ಲಿ ಪ್ರತಿ ಅಕ್ಷರದ ಬೆನ್ನಿಗೂ ಮಸುಕಾದ ಇನ್ನೊಂದು ಅಕ್ಷರ. ರಾತ್ರಿ ಎದುರು ಬರುವ ಗಾಡಿಯ ಹೆಡ್‌ಲೈಟಿಗೆ ಬಾಲ. ಚೀಟಿಯಲ್ಲಿ ಮೈನಸ್ 1.25, ಸಿಲಿಂಡರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದಾಗ ಬರುವ ಪವರ್) ಮೈನಸ್ 1 ಅಂತ ಬಂತು. ಎಡಗಣ್ಣಿನ ದೂರದ ನೋಟ ಚೆನ್ನಾಗಿತ್ತು. ಬಲಗಣ್ಣಿನಲ್ಲಿ ಉಳಿದ ಈ ಪವರ್‌ಗೆ ಪಿಆರ್‌ಕೆ ಲೇಸರ್ ಮಾಡಿಸಿಕೊಂಡೆ. ಅಂದರೆ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮೇಲಿನ ತೆಳು ಪೊರೆ ತೆಗೆದು, ಲೇಸರ್‌ನಿಂದ ಅದರ ಬಾಗು ತಿದ್ದುವುದು.

ಪವರ್ ಉಳಿಯಿತು ಅಂದರೆ ಆಪರೇಷನ್ ಕೆಟ್ಟಿತು ಅಂತ ಅಲ್ಲ. ಕಣ್ಣಿನ ಉದ್ದ, ಕಾರ್ನಿಯಾದ ಬಾಗು ಅಳೆದು ಲೆನ್ಸ್ ಆರಿಸುತ್ತಾರೆ. ಉದ್ದದಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಸಾಕು, ಪವರ್ ಎರಡೂವರೆ ಮೂರು ಡಯಾಪ್ಟರ್ (ಕನ್ನಡಕದ ನಂಬರ್ ಅಳೆಯುವ ಮಾನ) ಆಚೀಚೆ ಆಗುತ್ತದೆ. ಲೆನ್ಸ್ ಒಳಗೆ ಎಷ್ಟು ಹಿಂದೆ ಮುಂದೆ ಕೂರುತ್ತದೆ ಅನ್ನುವುದಂತೂ ಅಂದಾಜೇ. ಮೊದಲೇ ಕನ್ನಡಕ ಬಿಡಲು ಲ್ಯಾಸಿಕ್ ಲೇಸರ್ ಆಗಿರುವವರಿಗೆ ಈ ಲೆಕ್ಕ ಇನ್ನೂ ಕಷ್ಟ.

ನಮ್ಮ ಡಾಕ್ಟರ್ ಅವಸರ ಮಾಡಲಿಲ್ಲ. ಅದು ನನಗೆ ತುಂಬಾ ಹಿಡಿಸಿತು. ನಂಬರ್ ಬದಲಾಗದೆ ನಿಲ್ಲುವವರೆಗೆ ಕೆಲವು ತಿಂಗಳು ಕಾಯಿಸಿದರು. ಕಣ್ಣು ಒಣಗಿದೆಯಾ, ಲೆನ್ಸಿನ ಹಿಂದಿನ ಪರದೆ ಮಂಜಾಗಿದೆಯಾ, ರೆಟಿನಾ ಹೇಗಿದೆ, ಎಲ್ಲ ನೋಡಿದರು. ಪರದೆ ಮಂಜಾಗಿದ್ದರೆ ಅದಕ್ಕೆ ಬೇರೆಯೇ ಲೇಸರ್ ಬೇಕು. ನನ್ನದು ಸಾದಾ ಲೆನ್ಸ್. ಸಿಲಿಂಡರ್ ಪವರನ್ನೂ ಸರಿಪಡಿಸುವ ಟೋರಿಕ್ ಲೆನ್ಸ್ ಆಗಿದ್ದು ಸ್ವಲ್ಪ ತಿರುಗಿದ್ದರೆ, ಅದನ್ನೇ ಸರಿಯಾಗಿ ಕೂರಿಸಬಹುದಿತ್ತಂತೆ. ಒಂದೊಂದು ಡಿಗ್ರಿ ತಿರುಗಿದರೂ ಅದರ ಕೆಲಸ ಸುಮಾರು 3 ಶೇಕಡಾ ಕಡಿಮೆಯಾಗುತ್ತದೆ. ಪವರ್ ತುಂಬಾ ಜಾಸ್ತಿ ಉಳಿದಿದ್ದರೆ ಲೆನ್ಸ್ ಬದಲಾಯಿಸುವುದು, ಇಲ್ಲವೇ ಅದರ ಮುಂದೆ ಇನ್ನೊಂದು ತೆಳು ಲೆನ್ಸ್ ಇಡುವುದೂ ಉಂಟು.

ನಿರ್ಧಾರಕ್ಕೆ ಸಹಾಯ ಮಾಡಿದ್ದು ಟ್ರಯಲ್ ಫ್ರೇಮ್. ಆ ಭಾರದ ಫ್ರೇಮಿಗೆ ಗಾಜು ಸಿಕ್ಕಿಸಿ, "ಸರ್, ಇದನ್ನ ಹಾಕ್ಕೊಂಡು ಹೊರಗೆ ಒಂದು ಸುತ್ತು ಹೋಗಿ ಬನ್ನಿ" ಅಂದರು ಆಪ್ಟೋಮೆಟ್ರಿಸ್ಟ್. ರಸ್ತೆಯಾಚೆಯ ಬೋರ್ಡೆಲ್ಲ ಕೆತ್ತಿದ ಹಾಗೆ ಕಂಡವು. ಜೇಬಿನಿಂದ ಮೊಬೈಲ್ ತೆಗೆದರೆ ಪೂರ್ತಿ ಮಸುಕು. "ಲೇಸರ್ ಆದ ಮೇಲೆ ಹೀಗೇ ಇರುತ್ತೆ, ಪರವಾಗಿಲ್ವಾ?" ಅಂತ ಕೇಳಿದರು. ಇದನ್ನು ಎಲ್ಲರೂ ಕೇಳಿಸಿಕೊಳ್ಳಬೇಕು. ಸ್ವಲ್ಪ ಮೈನಸ್ ಉಳಿದಿದ್ದರೆ ಹತ್ತಿರದ್ದು ಒಂದಿಷ್ಟು ಕಾಣುತ್ತದೆ. ಮೈನಸ್ ತೆಗೆಸಿದರೆ ಅದೂ ಹೋಗುತ್ತದೆ. ನನಗೆ ರಾತ್ರಿ ಸ್ಕೂಟರ್ ಓಡಿಸುವುದು ಮುಖ್ಯವಾಗಿತ್ತು, ಒಪ್ಪಿಕೊಂಡೆ.

ಲೇಸರ್ ಕೆಲಸ ಬೇಗ ಮುಗಿಯಿತು. ಆಮೇಲಿನ ದಿನಗಳು ಸುಲಭವಲ್ಲ. ಮೊದಲ ಕೆಲವು ದಿನ ಕಣ್ಣಿಗೆ ಮೆಣಸಿನಕಾಯಿ ಕೈ ತಾಗಿದಂಥ ಉರಿ. ಗಾಯ ಮಾಯುವವರೆಗೆ ಕಣ್ಣಿನ ಮೇಲೆ ಪವರ್ ಇಲ್ಲದ ಕಾಂಟ್ಯಾಕ್ಟ್ ಲೆನ್ಸ್ ಇಟ್ಟಿದ್ದರು. ನೋಟ ವಾರಗಟ್ಟಲೆ ಏರುಪೇರಾಯಿತು. ಸ್ಟೀರಾಯ್ಡ್ ಡ್ರಾಪ್ಸ್ ಬಿಡುವಾಗ ಕಣ್ಣಿನ ಒತ್ತಡ ನೋಡಿಸಿಕೊಳ್ಳಲೇಬೇಕು, ಅದನ್ನು ತಪ್ಪಿಸಬೇಡಿ.

ಈಗ ದೂರದ ನೋಟ ಚೊಕ್ಕ. ಹೆಡ್‌ಲೈಟಿನ ಬಾಲ ಹೋಗಿದೆ. ಪೇಪರಿಗೆ, ಮಾತ್ರೆಯ ಪಟ್ಟಿ ಓದುವುದಕ್ಕೆ ಪ್ಲಸ್ 2.5 ಕನ್ನಡಕ ಬೇಕೇ ಬೇಕು. ಫ್ಯಾನ್ ಕೆಳಗೆ ಕೂತರೆ ಕಣ್ಣು ಮರಳು ಮರಳು ಅನ್ನುತ್ತದೆ, ಅದಕ್ಕೆ ಡ್ರಾಪ್ಸ್ ಇಟ್ಟುಕೊಂಡಿದ್ದೇನೆ. ಇಷ್ಟಾದರೂ ನನಗೆ ಪೂರ್ತಿ ಸಮಾಧಾನವಿದೆ.

ಕನ್ನಡಕದ ಅಭ್ಯಾಸ ಇರುವವರು ಲೇಸರ್‌ಗೆ ಹೋಗಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಅಕ್ಕನಿಗೂ ಹೆಚ್ಚುಕಡಿಮೆ ಇಷ್ಟೇ ಪವರ್ ಉಳಿದಿತ್ತು. ಪ್ರೋಗ್ರೆಸಿವ್ ಕನ್ನಡಕದಲ್ಲಿ ದೂರ, ಹತ್ತಿರ ಎರಡೂ ಕಾಣುತ್ತದೆ, ಖುಷಿಯಾಗಿದ್ದಾರೆ. ಲೇಸರ್ ಖರ್ಚು ನನ್ನ ಪೊರೆ ಪ್ಯಾಕೇಜಿನಲ್ಲಿ ಸೇರಿರಲಿಲ್ಲ, ನೀವು ಮೊದಲೇ ಕೇಳಿಕೊಳ್ಳಿ. ಪೊರೆ ಆಪರೇಷನ್ ಆದಾಗ ಕೊಡುವ ಲೆನ್ಸ್ ಕಾರ್ಡನ್ನೂ ಜೋಪಾನವಾಗಿಡಿ. ಅದರಲ್ಲಿ ಲೆನ್ಸಿನ ಮಾಡೆಲ್, ಪವರ್ ಇರುತ್ತದೆ. ಬೇರೆ ಡಾಕ್ಟರ್ ಹತ್ತಿರ ಹೋದಾಗ ಬೇಕಾಗುತ್ತದೆ.