102 ಕೆಜಿ ಮೈಗೆ 184 ಸೆಂ.ಮೀ. ಸ್ಕೀ: ಮೂರು ಚಳಿಗಾಲ ಬಳಸಿದ ಮೇಲೆ

ನನ್ನ ಎತ್ತರ 180 ಸೆಂ.ಮೀ., ತೂಕ 102 ಕೆಜಿ. ಮೂರು ಚಳಿಗಾಲದಿಂದ 184 ಸೆಂ.ಮೀ. ಉದ್ದದ ಟೂರಿಂಗ್ ಸ್ಕೀ (ಬೆಟ್ಟ ಹತ್ತಲೂ ಇಳಿಯಲೂ ಆಗುವ ಸ್ಕೀ) ಬಳಸುತ್ತಿದ್ದೇನೆ. 2023, 2024, 2025ರ ಫೆಬ್ರವರಿಗಳು, ಒಟ್ಟು 34 ದಿನ, ಎಲ್ಲವೂ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ. ಅದಕ್ಕೂ ಮೊದಲು ಎರಡು ವರ್ಷ 171 ಸೆಂ.ಮೀ. ಜೋಡಿ ಇತ್ತು. ಆ ಎರಡು ವರ್ಷ ನಾನು ಪಟ್ಟ ಪಾಡು ಇನ್ನೊಬ್ಬ ದೊಡ್ಡ ಮೈಯವರಿಗೆ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಬೆಳಗಾವಿಯವನಿಗೆ ಸ್ಕೀ ಎಲ್ಲಿಂದ ಬಂತು ಅಂತ ಎಲ್ಲರೂ ಕೇಳುತ್ತಾರೆ. ನಾನು ಫೌಜಿನಲ್ಲಿದ್ದೆ. ನಮ್ಮ ಊರಲ್ಲಿ ಇದೇನು ಹೊಸದಲ್ಲ, ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇಲ್ಲೇ ಇದೆ ಅಲ್ವಾ. 2001ರಲ್ಲಿ ಗುಲ್ಮಾರ್ಗ್‌ನಲ್ಲಿ ನನಗೆ ಸ್ಕೀ ಕಲಿಸಿದರು. ಆಗ ನನ್ನ ತೂಕ 76 ಕೆಜಿ. ಸ್ಕೀಯನ್ನು ಪಕ್ಕದಲ್ಲಿ ನಿಲ್ಲಿಸಿದರೆ ಮೂಗಿನ ಮಟ್ಟಕ್ಕೆ ಬರುತ್ತಿತ್ತು. ಅದೇ ಸರಿಯಾದ ಉದ್ದ ಅಂತ ತಲೆಯಲ್ಲಿ ಕೂತುಬಿಟ್ಟಿತು. ನಿವೃತ್ತಿಯಾಗಿ ಮನೆಗೆ ಬಂದೆ. ಈಗ ಮನೆ ತಿಲಕವಾಡಿಯಲ್ಲಿ, ಹೊಲ ಬೈಲಹೊಂಗಲದ ಹತ್ತಿರ. ವರ್ಷಕ್ಕೊಮ್ಮೆ ಇಬ್ಬರು ಹಳೆಯ ಜೊತೆಗಾರರೊಂದಿಗೆ ಬೆಟ್ಟಕ್ಕೆ ಹೋಗುವುದು ಮಾತ್ರ ಬಿಡಲಿಲ್ಲ.

ಎತ್ತರ ಅಂದೂ 180, ಇಂದೂ 180. ಬದಲಾದದ್ದು ತೂಕ ಒಂದೇ. ಉದ್ದದ ವಿಷಯದಲ್ಲಿ ಎತ್ತರ ಎಷ್ಟು ಕಡಿಮೆ ಹೇಳುತ್ತದೆ, ತೂಕ ಎಷ್ಟು ಜಾಸ್ತಿ ಹೇಳುತ್ತದೆ ಅನ್ನುವುದು ನನಗೆ ಗೊತ್ತಾದದ್ದು ಹೀಗೆ, ಒಂದೇ ಮೈಯಲ್ಲಿ.

2020ರ ಕೊನೆಗೆ ಸ್ವಂತ ಜೋಡಿ ತೆಗೆದುಕೊಂಡೆ. ಅಂಗಡಿಯವರು ನನ್ನನ್ನು ನಿಲ್ಲಿಸಿ ಎತ್ತರ ನೋಡಿದರು, ಗೋಡೆಯ ಮೇಲಿನ ಪಟ್ಟಿ ನೋಡಿದರು, 171 ಅಂದರು. ತೂಕ ಕೇಳಲೇ ಇಲ್ಲ. ನಾನೂ ಹೇಳಲಿಲ್ಲ. ಹಳೆಯ ಲೆಕ್ಕದ ಪ್ರಕಾರ ಅದು ಹೆಚ್ಚುಕಡಿಮೆ ಸರಿಯಾಗಿತ್ತು. ನಡುವಿನ ಅಗಲ 88 ಮಿ.ಮೀ. ಒಂದೊಂದರ ತೂಕ 1,250 ಗ್ರಾಂ. ಕೈಯಲ್ಲಿ ಹಿಡಿದರೆ ಹಗುರ, ಮನಸ್ಸಿಗೆ ಖುಷಿ.

2021ರ ಫೆಬ್ರವರಿಯಲ್ಲಿ ರಾತ್ರಿಯೆಲ್ಲ ಹಿಮ ಬಿದ್ದಿತ್ತು. ಮೊಣಕಾಲು ಮುಚ್ಚುವಷ್ಟು ಪುಡಿ ಹಿಮ. ಗುಲ್ಮಾರ್ಗ್‌ಗಿಂತ ಮೇಲಿರುವ ಹುಲ್ಲುಗಾವಲು ಖಿಲನ್‌ಮರ್ಗ್‌ನ ಮೇಲಿನ ಇಳಿಜಾರಿನಲ್ಲಿ ಮೊದಲ ತಿರುವು ಹೇಗೋ ಆಯಿತು. ಎರಡನೆಯದಕ್ಕೆ ಎಡಗಾಲಿನ ಸ್ಕೀಯ ಮೂತಿ ಕಾಣದಾಯಿತು. ಹಿಮದ ಒಳಗೇ ಹೋಗುತ್ತಿತ್ತು. ಹಿಂದಕ್ಕೆ ಒರಗಿ ಎತ್ತಲು ನೋಡಿದೆ. ತೊಡೆಯೆಲ್ಲ ಉರಿಯಿತು, ಮೂತಿ ಮೇಲೆ ಬರಲಿಲ್ಲ. ಮುಂದಕ್ಕೆ ಮುಗ್ಗರಿಸಿ ಬಿದ್ದೆ. ಪುಡಿ ಹಿಮದಲ್ಲಿ ಬಿದ್ದವರಿಗೆ ಗೊತ್ತು, ಏಳಲು ಕೋಲು ಊರಿದರೆ ಕೋಲೂ ಒಳಗೆ, ಕೈಯೂ ಒಳಗೆ. ಎರಡೂ ಕೋಲನ್ನು ಅಡ್ಡಡ್ಡ ಇಟ್ಟು, ಅದರ ಮೇಲೆ ಅಂಗೈ ಒತ್ತಿ ಎದ್ದೆ. ಆ ದಿನ ಹೀಗೆ ಹನ್ನೊಂದು ಸಲ. 65 ಕೆಜಿಯ ಗೆಳೆಯ ನನ್ನ ಪಕ್ಕದಲ್ಲೇ, ಅಂಥದೇ ಉದ್ದದ ಸ್ಕೀಯಲ್ಲಿ, ತೇಲಿಕೊಂಡು ಹೋಗುತ್ತಿದ್ದ. ನನಗೆ ವಯಸ್ಸಾಯಿತು, ಕಾಲಿನ ಶಕ್ತಿ ಹೋಯಿತು ಅಂತಲೇ ಎರಡು ವರ್ಷ ನಂಬಿದ್ದೆ.

ಮಳೆ ಬಂದ ಮರುದಿನ ನಮ್ಮ ಎರಿ ಹೊಲಕ್ಕೆ ಇಳಿದು ನೋಡಿ. ಬರಿಗೈಲಿ ನಡೆದರೆ ಹಿಮ್ಮಡಿ ಮುಳುಗುತ್ತದೆ. ಹೆಗಲ ಮೇಲೆ ಗೊಬ್ಬರದ ಚೀಲ ಇದ್ದರೆ ಮೀನಖಂಡದವರೆಗೂ. ಕಾಲು ಅದೇ, ಮಣ್ಣೂ ಅದೇ, ಹೊರೆ ಬೇರೆ. ಒಂದು ಸಲ ಹೊಲದ ಬದುವಿನಲ್ಲಿ ಕೂತು ಬೂಟಿನ ಕೆಸರು ಕೆರೆಯುವಾಗ ಇದು ಹೊಳೆಯಿತು. ಮನೆಗೆ ಬಂದು ಟೇಪು ಹಿಡಿದು ಲೆಕ್ಕ ಹಾಕಿದೆ.

171ರ ಜೋಡಿಯ ತಳ, ಮೂತಿಯಿಂದ ಬಾಲದವರೆಗೆ ಅಗಲ ಸರಾಸರಿ ಮಾಡಿದರೆ, ಸುಮಾರು 3,600 ಚದರ ಸೆಂ.ಮೀ. ಹಿಮಕ್ಕೆ ನಾನು ಹಾಕುವ ಭಾರ 102 ಅಲ್ಲ. ಬೆನ್ನಿನ ಚೀಲ 12 ಕೆಜಿ. ಅದರಲ್ಲಿ ಸಲಿಕೆ, ಹಿಮಕ್ಕೆ ಚುಚ್ಚುವ ಕೋಲು, ನೀರು, ಊಟ, ಬೆಚ್ಚನೆಯ ಬಟ್ಟೆ. ಬೂಟು, ಬೂಟನ್ನು ಸ್ಕೀಗೆ ಹಿಡಿಸುವ ಬೈಂಡಿಂಗ್, ಸ್ಕೀ ಎಲ್ಲ ಸೇರಿ ಇನ್ನೊಂದು 8. ಒಟ್ಟು 122 ಕೆಜಿ. ಅಂದರೆ ಚದರ ಸೆಂ.ಮೀ.ಗೆ ಸುಮಾರು 34 ಗ್ರಾಂ. 65 ಕೆಜಿಯ ಗೆಳೆಯನದು, ಅದೇ ಸಾಮಾನು ಹೊತ್ತರೂ, 24 ಗ್ರಾಂ. ಅವನು ತೇಲಿದ್ದರಲ್ಲಿ, ನಾನು ಮುಳುಗಿದ್ದರಲ್ಲಿ ಏನಾಶ್ಚರ್ಯ?

ಈಗಿನ 184ರ ಜೋಡಿ ನಡುವಿನಲ್ಲಿ 104 ಮಿ.ಮೀ. ತಳ ಸುಮಾರು 4,400 ಚದರ ಸೆಂ.ಮೀ. ಅದೇ ಭಾರಕ್ಕೆ ಸುಮಾರು 28 ಗ್ರಾಂ. ಇದರಲ್ಲಿ ಉದ್ದಕ್ಕಿಂತ ಅಗಲದ ಪಾಲೇ ಜಾಸ್ತಿ, ನಿಜ. ಆದರೆ ಅಗಲ ಮಾತ್ರ ಹೆಚ್ಚಿಸಿ ಉದ್ದ ಹಾಗೇ ಬಿಟ್ಟರೆ ಸಾಲದು. ಭಾರದ ಮೈ ಮುಂದಕ್ಕೆ ವಾಲಿದಾಗ ಅದನ್ನು ತಡೆಯುವುದು ಬೂಟಿನ ಮುಂದೆ ಇರುವ ಉದ್ದ. ಅದು ಗಿಡ್ಡವಿದ್ದರೆ ಮೂತಿ ಕುಕ್ಕುತ್ತದೆ. ಇನ್ನೊಂದು ಮಾತು: ಒಂದೇ ಮಾದರಿಯಲ್ಲಿ ಉದ್ದದ ಅಳತೆಗಳನ್ನು ಸಾಮಾನ್ಯವಾಗಿ ಸ್ವಲ್ಪ ಬಿಗಿಯಾಗಿಯೇ ಮಾಡಿರುತ್ತಾರೆ, ಭಾರದವರು ತೆಗೆದುಕೊಳ್ಳುತ್ತಾರೆ ಅಂತ. ನನ್ನ 171 ನನ್ನ ಕೆಳಗೆ ಬಿದಿರಿನ ಸೀಳಿನ ಹಾಗೆ ಬಾಗುತ್ತಿತ್ತು. ಗಟ್ಟಿ ಹಿಮದ ಮೇಲೆ ವೇಗ ಬಂದರೆ ಮೂತಿ ಪಟಪಟ ಬಡಿಯುತ್ತಿತ್ತು. 184ರಲ್ಲಿ ಆ ಬಡಿತ ಇಲ್ಲ.

2023ರ ಮೊದಲ ದಿನವೇ ಗೊಂಡೋಲಾದಲ್ಲಿ, ಅಂದರೆ ಅಲ್ಲಿನ ಕೇಬಲ್ ಕಾರಿನಲ್ಲಿ, ಮೇಲೆ ಹೋದೆವು. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಎರಡನೆಯ ಹಂತ ಅಫರ್ವತ್ ಬೆಟ್ಟದ ಭುಜದ ಹತ್ತಿರ ಸುಮಾರು 3,950 ಮೀಟರ್‌ಗೆ ಒಯ್ದು ಬಿಡುತ್ತದೆ. ಅಲ್ಲಿಂದ ಇಳಿಯುವಾಗ ಮೊದಲ ಸಲ ನನ್ನ ಎರಡೂ ಮೂತಿಗಳು ಹಿಮದ ಮೇಲೆ ಕಂಡವು. ಪೂರ್ತಿ ಇಳಿಜಾರು, ಒಂದು ಸಲವೂ ಮುಳುಗದೆ. ಕೆಳಗೆ ನಿಂತಾಗ ಕಣ್ಣಲ್ಲಿ ನೀರು ಬಂದದ್ದು ಗಾಳಿಗಲ್ಲ.

ಇಳಿಯುವ ಸುಖ ಇಷ್ಟು. ಇನ್ನು ಹತ್ತುವ ಕಥೆ. ಉದ್ದದ ಸ್ಕೀಗೆ ಬೆಲೆ ತೆರುವುದು ಅಲ್ಲಿಯೇ.

ಲಿಫ್ಟ್ ಇಲ್ಲದ ಬೆಟ್ಟ ಹತ್ತುವಾಗ ಸ್ಕೀಯ ತಳಕ್ಕೆ ಸ್ಕಿನ್ ಪಟ್ಟಿ ಅಂಟಿಸುತ್ತೇವೆ. ಅದರ ಕೂದಲು ಹಿಂದಕ್ಕೆ ಮಲಗಿರುತ್ತದೆ. ಮುಂದೆ ಜಾರುತ್ತದೆ, ಹಿಂದೆ ಜಾರದಂತೆ ಹಿಡಿಯುತ್ತದೆ. ಕಡಿದಾದ ಕಡೆ ನೇರ ಹತ್ತಲು ಆಗುವುದಿಲ್ಲ, ಘಾಟಿ ರಸ್ತೆಯ ಹಾಗೆ ಹಾವಿನ ನಡೆ. ಪ್ರತಿ ಮೂಲೆಯಲ್ಲಿ ಕಿಕ್ ಟರ್ನ್ ಮಾಡಬೇಕು. ಮೇಲಿನ ಕಾಲನ್ನು ಎತ್ತಿ, ಸ್ಕೀಯನ್ನು ಪೂರ್ತಿ ತಿರುಗಿಸಿ ಇಡಬೇಕು. ಆ ಕ್ಷಣ ಎರಡು ಪಾದ ಎರಡು ದಿಕ್ಕಿಗೆ ಇರುತ್ತವೆ. ಆಮೇಲೆ ಕೆಳಗಿನ ಕಾಲನ್ನು ಎತ್ತಿ, ಹಿಮ್ಮಡಿಯಿಂದ ಸ್ಕೀಗೆ ಒಂದು ಸಣ್ಣ ಏಟು ಕೊಟ್ಟರೆ ಬಾಲ ಕೆಳಗಿಳಿದು ಮೂತಿ ಮೇಲೇಳುತ್ತದೆ. ಅಷ್ಟರೊಳಗೆ ಕಾಲು ತಿರುಗಿಸಿಬಿಡಬೇಕು. 171ರಲ್ಲಿ ಇದು ಯೋಚನೆ ಮಾಡದೆ ಆಗುತ್ತಿತ್ತು. 184ರಲ್ಲಿ ಮೂತಿ ಇಳಿಜಾರಿಗೆ ತಾಗುತ್ತದೆ, ಇಲ್ಲವೇ ನನ್ನದೇ ಇನ್ನೊಂದು ಬೂಟಿಗೆ. ದಪ್ಪ ತೊಡೆಯವರಿಗೆ ಸೊಂಟ ಅಷ್ಟು ಸಲೀಸಾಗಿ ತೆರೆಯುವುದೂ ಇಲ್ಲ. ಮೊದಲ ವರ್ಷ ಎರಡು ಸಲ ಮೂಲೆಯಲ್ಲೇ ಕುಸಿದು ಕೂತೆ.

ಇದಕ್ಕೆ ಮನೆಯಲ್ಲೇ ಅಭ್ಯಾಸ ಮಾಡಿದೆ. ಅಂಗಳದಲ್ಲಿ ಬೂಟು, ಸ್ಕೀ ಹಾಕಿಕೊಂಡು, ಕೆಳಗೆ ಹಳೆಯ ಜಮಖಾನೆ ಹಾಸಿ, ದಿನಾ ಬೆಳಗ್ಗೆ ಆ ಕಡೆ ಇಪ್ಪತ್ತು, ಈ ಕಡೆ ಇಪ್ಪತ್ತು. ಕಾಲಿನ ಬಲಕ್ಕೆ ಯಳ್ಳೂರಿನ ರಾಜಹಂಸಗಡ ಕೋಟೆಯ ಗುಡ್ಡ. 12 ಕೆಜಿ ಚೀಲ ಹೊತ್ತು ವಾರಕ್ಕೆ ಮೂರು ದಿನ ಹತ್ತುತ್ತೇನೆ. ಎರಡನೆಯ ವರ್ಷಕ್ಕೆ ಮೂಲೆಯ ಭಯ ಹೋಯಿತು.

ಹಾಗಾದರೆ ಇನ್ನೂ ಉದ್ದ ಯಾಕಲ್ಲ? ಅದನ್ನೂ ನೋಡಿದೆ. 2024ರಲ್ಲಿ ಒಬ್ಬರಿಂದ ಒಂದು ದಿನಕ್ಕೆ 191 ಇಸಿದುಕೊಂಡೆ. ಆ ವರ್ಷ ಜನವರಿಯಲ್ಲಿ ಗುಲ್ಮಾರ್ಗ್ ಒಣಗಿತ್ತು. ತಿಂಗಳ ಕೊನೆಗೆ ಹಿಮ ಶುರುವಾಗಿ, ನಾವು ಹೋಗುವ ಹೊತ್ತಿಗೆ ಚೆನ್ನಾಗಿತ್ತು. ಬಯಲಿನಲ್ಲಿ 191 ರಾಜನ ಹಾಗೆ ಹೋಯಿತು. ದೇವದಾರು ಮರಗಳ ನಡುವೆ ಬಂದಾಗ ಬೇಗ ತಿರುಗಲಿಲ್ಲ. ಹತ್ತುವಾಗ ಮೂಲೆಯಲ್ಲಿ ಸೋತೆ. ಸಂಜೆಗೆ ಮೊಣಕಾಲು ಹಿಡಿದುಕೊಂಡಿತು. ನನ್ನ ಎತ್ತರಕ್ಕೆ, ನನ್ನ ತೂಕಕ್ಕೆ ತಲೆಗಿಂತ ನಾಲ್ಕೈದು ಸೆಂ.ಮೀ. ಮೇಲೆ ಸಾಕು. ಅದಕ್ಕಿಂತ ಮೇಲೆ ಹೋದರೆ ಇಳಿಯುವಾಗ ಗಳಿಸಿದ್ದನ್ನು ಹತ್ತುವಾಗ ಕಳೆಯುತ್ತೇವೆ.

ಕೊಳ್ಳುವಾಗ ಮೂತಿಯ ಬಾಗನ್ನು ನೋಡಿ. ಎರಡು ಸ್ಕೀಗಳ ತಳಕ್ಕೆ ತಳ ಹಚ್ಚಿ ಹಿಡಿಯಿರಿ. ತುದಿಗಿಂತ ಬಹಳ ಹಿಂದಿನಿಂದಲೇ ಅವು ಬೇರೆಯಾಗುತ್ತಿದ್ದರೆ ಬಾಗು ಜಾಸ್ತಿ ಅಂತ. ಅಂಥದ್ದರ ಅಂಚು ಗಟ್ಟಿ ಹಿಮದ ಮೇಲೆ ಪೂರ್ತಿ ಕೂರುವುದಿಲ್ಲ. 184 ಅಂತ ಬರೆದಿದ್ದರೂ ಕಾಲಿಗೆ ಗಿಡ್ಡ ಅನಿಸುತ್ತದೆ. ಅಂಥದ್ದನ್ನು ಒಂದು ಅಳತೆ ಉದ್ದ ತೆಗೆದುಕೊಳ್ಳಬಹುದು. ಚಪ್ಪಟೆ ಮೂತಿಯದ್ದಕ್ಕೆ ಆ ಮಾತು ಇಲ್ಲ. ಅಲ್ಲದೆ ಕೆಲವು ಕಂಪನಿಗಳು ಬಾಗಿನ ಮೇಲಿಂದ ಅಳೆಯುತ್ತವೆ, ಕೆಲವು ನೇರವಾಗಿ. ಬರೆದ ಅಂಕಿಗೂ ಟೇಪಿಗೂ ಒಂದೆರಡು ಸೆಂ.ಮೀ. ವ್ಯತ್ಯಾಸ ಬರುವುದುಂಟು.

ನಾನು ದುಡ್ಡು ಕಳೆದುಕೊಂಡದ್ದು ಬ್ರೇಕ್‌ನಲ್ಲಿ. ಬೂಟು ಬಿಚ್ಚಿಕೊಂಡಾಗ ಸ್ಕೀ ಜಾರಿಹೋಗದಂತೆ ಹಿಮಕ್ಕೆ ಊರುವ ಕಡ್ಡಿಗಳು ಅವು. ಹಳೆಯ ಬೈಂಡಿಂಗ್ ತೆಗೆದು ಹೊಸ ಸ್ಕೀಗೆ ಹಾಕಿಸಿದರಾಯಿತು ಅಂದುಕೊಂಡಿದ್ದೆ. 88 ಮಿ.ಮೀ. ನಡುವಿಗೆ ಮಾಡಿದ ಬ್ರೇಕ್‌ನ ಕಡ್ಡಿಗಳು 104ರ ಆಚೆ ಇಳಿಯಲೇ ಇಲ್ಲ. ಬ್ರೇಕ್ ಬೇರೆ ಕೊಳ್ಳಬೇಕಾಯಿತು. ಸ್ಕಿನ್ ಪಟ್ಟಿಯೂ ಹೊಸದೇ, ಹಳೆಯದು ಉದ್ದಕ್ಕೂ ಸಾಲದು, ಅಗಲಕ್ಕೂ ಸಾಲದು. ಹಾಗಾಗಿ ಉದ್ದ, ಅಗಲ ಮೊದಲೇ ಸರಿ ಮಾಡಿಕೊಳ್ಳಿ. ಬಿದ್ದಾಗ ಬೈಂಡಿಂಗ್ ಬಿಚ್ಚಿಕೊಳ್ಳುವ ಬಿಗಿಯನ್ನು ತೂಕ, ಎತ್ತರ, ವಯಸ್ಸು, ಬೂಟಿನ ಉದ್ದ, ಅನುಭವ ನೋಡಿ ಇಡುತ್ತಾರೆ. ತೀರ ಹಗುರದ ಕೆಲವು ಬೈಂಡಿಂಗ್‌ಗಳು ನಮ್ಮಂಥವರ ಅಂಕಿಯವರೆಗೆ ಹೋಗುವುದೇ ಇಲ್ಲ. ಇದನ್ನು ತಿಳಿದವರ ಕೈಯಲ್ಲೇ ಮಾಡಿಸಿ, ಮೊಣಕಾಲು ನಿಮ್ಮದು.

ತೂಕದ ವಿಷಯ: 184 ಒಂದೊಂದು 1,650 ಗ್ರಾಂ. ಕಾಲಿಗೆ 400 ಗ್ರಾಂ ಜಾಸ್ತಿ. ಮೊದಲ ಗಂಟೆಯಲ್ಲಿ ಗೊತ್ತಾಗುವುದಿಲ್ಲ, ಮೂರನೆಯ ಗಂಟೆಯಲ್ಲಿ ಗೊತ್ತಾಗುತ್ತದೆ. ಸಾಗಿಸುವುದೂ ಕಷ್ಟವೇ. ಬೆಳಗಾವಿಯಿಂದ ಗೋವಾ ಎಕ್ಸ್‌ಪ್ರೆಸ್‌ನಲ್ಲಿ ನಿಜಾಮುದ್ದೀನ್‌ವರೆಗೆ ಒಯ್ಯುತ್ತೇನೆ. 171ರ ಚೀಲ ಬರ್ತಿನ ಕೆಳಗೆ ಹಿಡಿಯುತ್ತಿತ್ತು. ಇದು ಓಡಾಡುವ ದಾರಿಗೆ ಒಂದು ಗೇಣು ಹೊರಗೆ ಬರುತ್ತದೆ. ಚಹಾ ಮಾರುವವರ ಕಾಲಿಗೆ ತಾಗದಿರಲಿ ಅಂತ ತುದಿಗೆ ಕೆಂಪು ಟವೆಲ್ ಕಟ್ಟುತ್ತೇನೆ.

ನಮ್ಮ ಊರಿನ ಮಳೆ ಸ್ಕೀಗೆ ಹಿಮಕ್ಕಿಂತ ಕೆಟ್ಟದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. 2021ರಲ್ಲಿ ಸುಮ್ನೆ ಚೀಲದಲ್ಲಿಟ್ಟು ಗಣೇಶನ ಹಬ್ಬಕ್ಕೆ ತೆಗೆದರೆ ಉಕ್ಕಿನ ಅಂಚೆಲ್ಲ ಕೆಂಪು ತುಕ್ಕು. ಈಗ ಮಾರ್ಚ್‌ನಲ್ಲೇ ಹಳೆಯ ಇಸ್ತ್ರಿ ಪೆಟ್ಟಿಗೆ ಹೊರಬರುತ್ತದೆ. ಮೇಣದ ಬಿಲ್ಲೆಯನ್ನು ಬಿಸಿ ತಳಕ್ಕೆ ಒತ್ತಿದರೆ ಹನಿಹನಿಯಾಗಿ ಸ್ಕೀ ಮೇಲೆ ಬೀಳುತ್ತದೆ. ಆಮೇಲೆ ನಿಧಾನ ಎಳೆಯುತ್ತಾ ಹೋದರೆ ಕಪ್ಪು ತಳ ಒದ್ದೆಯಾದ ಹಾಗೆ ಹೊಳೆದು, ಇಸ್ತ್ರಿಯ ಹಿಂದೆಯೇ ಮಬ್ಬಾಗುತ್ತದೆ. ಹೊಗೆ ಬಂದರೆ ಬಿಸಿ ಜಾಸ್ತಿ ಅಂತ. ಅಂಚಿನ ಮೇಲೂ ಮೇಣ ಹರಿಯಲಿ. ಕೆರೆಯದೆ ಹಾಗೇ ಬಿಟ್ಟು, ಮುಂದಿನ ಚಳಿಗಾಲಕ್ಕೆ ಕೆರೆಯುತ್ತೇನೆ. ಸ್ಕಿನ್ ಪಟ್ಟಿಯನ್ನು ಅಟ್ಟದಲ್ಲಿ ಇಡಬೇಡಿ. ಏಪ್ರಿಲ್ ಸೆಖೆಗೆ ನನ್ನ ಮೊದಲ ಪಟ್ಟಿಯ ಅಂಟು ಹಲಸಿನ ಮೇಣದ ಹಾಗಾಗಿತ್ತು.

ಕಳೆದ ವರ್ಷ ಬಾಗಲಕೋಟೆಯಿಂದ ತಂಗಿಯ ಮಗ ಬಂದಿದ್ದ. 188 ಸೆಂ.ಮೀ. ಎತ್ತರ, 94 ಕೆಜಿ. ಗುಲ್ಮಾರ್ಗ್‌ನಲ್ಲಿ ಒಂದೇ ಒಂದು ಕೋರ್ಸ್ ಮಾಡಿದ್ದಾನೆ. ನನ್ನ ಸ್ಕೀ ಪಕ್ಕ ನಿಂತು, "ಮಾಮಾ, ನನಗ ಇದಕ್ಕಿಂತ ಉದ್ದಂದು ಬೇಕಲ್ಲ?" ಅಂದ.

"ಬ್ಯಾಡಪಾ. ನೀ ಇನ್ನೂ ತಿರುಗೂದು ಕಲೀಲಿಕ್ಕತ್ತೀದಿ. 178 ತೊಗೋ, ನಡು ಒಂಚೂರು ಅಗಲ ಇರಲಿ. ಎರಡು ವರ್ಷ ಆದಮ್ಯಾಲ ಮತ್ತ ಮಾತಾಡೂಣು."

ಭಾರ ಉದ್ದ ಕೇಳುತ್ತದೆ, ಕಲಿಕೆ ಗಿಡ್ಡ ಕೇಳುತ್ತದೆ. ಅವನಿಗೆ ಈಗ ಎರಡನೆಯದರ ಮಾತೇ ನಡೆಯಬೇಕು. ಹಿಮಕುಸಿತದ ಎಚ್ಚರಿಕೆ ಓದುವುದು, ಬೀಕನ್ (ಹಿಮದಡಿ ಸಿಕ್ಕವರನ್ನು ಪತ್ತೆಹಚ್ಚುವ ರೇಡಿಯೋ ಸಾಧನ) ಕಟ್ಟಿಕೊಂಡು ಹುಡುಕುವುದು ಕಲಿಯದೆ ಗೊಂಡೋಲಾದ ಗಡಿ ದಾಟಕೂಡದು ಅಂತಲೂ ಹೇಳಿದ್ದೇನೆ.

34 ದಿನ ಆದಮೇಲೆ ನನ್ನ ಜೋಡಿಯ ಸ್ಥಿತಿ: ತಳದಲ್ಲಿ ಕಲ್ಲು ತಾಗಿದ ಎರಡು ಗೀರು, ಎರಡೂ ತುಂಬಿಸಿದ್ದು. ಬಲಗಾಲಿನದರ ಬಾಲದ ಹತ್ತಿರ ಮೇಲಿನ ಪದರ ಸ್ವಲ್ಪ ಎದ್ದಿತ್ತು, ಅಂಟು ಹಾಕಿ ಒತ್ತಿದ್ದೇನೆ. ಬೈಂಡಿಂಗ್‌ನ ತಿರುಪು ಒಂದೂ ಸಡಿಲಾಗಿಲ್ಲ. ಬಾಗು ಹಾಗೇ ಇದೆ. ಈ ಮಾದರಿ ಈಗ ಬರುತ್ತಿಲ್ಲ, ಅದಕ್ಕೇ ಹೆಸರು ಬರೆಯದೆ ಅಳತೆಗಳನ್ನೇ ಬರೆದೆ.

ಹಳೆಯ 171 ಅನ್ನು ಆ 65 ಕೆಜಿಯ ಗೆಳೆಯನಿಗೇ ಕೊಟ್ಟೆ. ಅವನ ಸ್ಕೀ ಸವೆದುಹೋಗಿತ್ತು. ಮೊದಲ ದಿನ ಕೆಳಗೆ ಬಂದು ನಿಂತವನು, "ಎಷ್ಟು ಚಂದದ ಸ್ಕೀ, ಇದನ್ನ್ಯಾಕ ಕೊಟ್ಟಿ?" ಅಂತ ಕೇಳಿದ.