ಕ್ಯೂಜಿಐಎಸ್ ರಾಸ್ಟರ್ ಕ್ಯಾಲ್ಕುಲೇಟರ್: ಲೆಕ್ಕ ಪಕ್ಕಾ, ಕೇಳುವ ಪ್ರಶ್ನೆ ಸರಿ ಇರಬೇಕು

ನನ್ನ ಕೆಲಸವೆಲ್ಲ ಉಪಗ್ರಹ ಚಿತ್ರ, ಎತ್ತರದ ದತ್ತಾಂಶಗಳ ಜೊತೆಗೇ. ಹಾಗಾಗಿ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ನಾನು ಪದೇಪದೇ ತೆರೆಯುವುದು ರಾಸ್ಟರ್ ಕ್ಯಾಲ್ಕುಲೇಟರ್, ಅಂದರೆ ಪಿಕ್ಸೆಲ್‌ಗಳ ಚೌಕಜಾಲದಂತಿರುವ ದತ್ತಾಂಶಕ್ಕೆ (ರಾಸ್ಟರ್) ಸೂತ್ರ ಹಾಕುವ ಸಾಧನ. ದುಡ್ಡು ಕೊಡಬೇಕಿಲ್ಲ, ಲೈಸೆನ್ಸ್ ರಗಳೆಯಿಲ್ಲ. ಲೇಯರ್ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ, ಸೂತ್ರ ಬರೆದು ಓಕೆ ಒತ್ತಿದರೆ ಪ್ರತಿ ಪಿಕ್ಸೆಲ್‌ಗೂ ಲೆಕ್ಕ ಆಗಿ ಹೊಸ ಲೇಯರ್ ಬರುತ್ತದೆ. ಸೂತ್ರ ತಪ್ಪಿದ್ದರೆ ಕೆಳಗೆ ತಕ್ಷಣ ಗೊತ್ತಾಗುತ್ತದೆ. ಆದರೆ ಅದು ನೋಡುವುದು ಸೂತ್ರದ ವ್ಯಾಕರಣವನ್ನು ಮಾತ್ರ, ಅರ್ಥವನ್ನಲ್ಲ.

ಆಸ್ಪೆಕ್ಟ್ ಲೇಯರನ್ನೇ ತೆಗೆದುಕೊಳ್ಳಿ. ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದು ಇದರಲ್ಲಿ 0ರಿಂದ 360 ಡಿಗ್ರಿವರೆಗೆ ಇರುತ್ತದೆ. 1 ಡಿಗ್ರಿ, 359 ಡಿಗ್ರಿ ಎರಡೂ ಹೆಚ್ಚುಕಡಿಮೆ ಉತ್ತರವೇ. ಸರಾಸರಿ ತೆಗೆದರೆ ಮಾತ್ರ 180, ಅಂದರೆ ನೇರ ದಕ್ಷಿಣ! ಅದಕ್ಕೇ ಮೊದಲು ಕಾಸ್ (ಕೊಸೈನ್) ಹಾಕುತ್ತೇವೆ: ಉತ್ತರಕ್ಕೆ 1, ದಕ್ಷಿಣಕ್ಕೆ -1. ಈ ಕಾಸ್‌ಗೆ ಬೇಕಿರುವುದು ಡಿಗ್ರಿಯಲ್ಲ, ಕೋನದ ಇನ್ನೊಂದು ಅಳತೆಯಾದ ರೇಡಿಯನ್. ಡಿಗ್ರಿಯನ್ನು ಹಾಗೇ ಕೊಟ್ಟರೆ ದಕ್ಷಿಣದ ಇಳಿಜಾರಿಗೆ -1 ಬದಲು ಸುಮಾರು -0.6 ಬರುತ್ತದೆ. ಅದೂ -1 ಮತ್ತು 1ರ ನಡುವೆಯೇ ಇರುವುದರಿಂದ ನಕ್ಷೆ ನೋಡಿ ಅನುಮಾನ ಬರುವುದಿಲ್ಲ. 3.14159265ರಿಂದ ಗುಣಿಸಿ 180ರಿಂದ ಭಾಗಿಸುವುದನ್ನು ಮರೆಯಲೇಬೇಡಿ.

ಹಸಿರು ಎಷ್ಟಿದೆ ಎಂದು ತೋರಿಸುವ ಸೂಚ್ಯಂಕ ಎನ್‌ಡಿವಿಐಗೂ ಎಚ್ಚರ ಬೇಕು. ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಬ್ಯಾಂಡ್ 8ರಿಂದ (ಇನ್‌ಫ್ರಾರೆಡ್) 4ನ್ನು (ಕೆಂಪು) ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಆಯಿತು ಅಂತ ಎಲ್ಲರಿಗೂ ಗೊತ್ತು. ಆದರೆ 2022ರ ಜನವರಿ ಕೊನೆಯಿಂದ ಮೂಲ ಫೈಲ್‌ನ ಸಂಖ್ಯೆಗಳಿಗೆ 1000 ಸೇರಿಸಿ ಕೊಡುತ್ತಿದ್ದಾರೆ. ಬ್ಯಾಂಡ್ 8ರಲ್ಲಿ 4000, 4ರಲ್ಲಿ 1500 ಇದ್ದಲ್ಲಿ ಹಾಗೇ ಲೆಕ್ಕ ಹಾಕಿದರೆ 0.45, ಎರಡರಿಂದಲೂ 1000 ಕಳೆದು ಹಾಕಿದರೆ 0.71. ಕುರುಚಲು ಎಲ್ಲಿ, ದಟ್ಟ ಹಸಿರು ಎಲ್ಲಿ ಎಂಬ ತೀರ್ಮಾನವೇ ಬದಲಾಗುವಷ್ಟು ಅಂತರ ಇದು. ಡೌನ್‌ಲೋಡ್ ಮಾಡಿದ ಕಡೆಯೇ ಅದನ್ನು ಕಳೆದಿದ್ದಾರಾ ಅಂತ ಮೊದಲು ನೋಡಿಕೊಳ್ಳಿ.

ನನಗೆ ತುಂಬಾ ಹಿಡಿಸಿದ್ದು ದಶಮಾಂಶದ ವಿಚಾರ. ಪೂರ್ಣಾಂಕದ ಬ್ಯಾಂಡ್ ಕೊಟ್ಟರೂ ಉತ್ತರ ಫ್ಲೋಟ್‌ನಲ್ಲೇ, ಅಂದರೆ ದಶಮಾಂಶ ಸಂಖ್ಯೆಯಾಗಿಯೇ ಬರುತ್ತದೆ. ಜಿಡಾಲ್ ಎಂಬ ಇನ್ನೊಂದು ತಂತ್ರಾಂಶದ ಕ್ಯಾಲ್ಕುಲೇಟರ್‌ನಲ್ಲಾದರೆ ನಾವೇ ಫ್ಲೋಟ್‌ಗೆ ಬದಲಿಸಬೇಕು, ಇಲ್ಲದಿದ್ದರೆ ಮೈನಸ್ ಬರಬೇಕಾದ ಕಡೆ ದೊಡ್ಡ ಪ್ಲಸ್ ಸಂಖ್ಯೆ ಕೂತಿರುತ್ತದೆ. ಕ್ಯೂಜಿಐಎಸ್‌ನ 3.22 ಆವೃತ್ತಿಯಿಂದ ಇಫ್ ಫಂಕ್ಷನ್ ಬಂದ ಮೇಲೆ ಷರತ್ತುಗಳನ್ನು ಬರೆಯುವುದೂ ಸಲೀಸು. ಡಿಸ್ಕ್‌ಗೆ ಬರೆಯದೆ ವರ್ಚುವಲ್ ಲೇಯರ್ ಮಾಡಿ ಸೂತ್ರ ಪರೀಕ್ಷಿಸುವ ಸೌಲಭ್ಯವೂ ಇದೆ. ದೊಡ್ಡ ರಾಸ್ಟರ್ ಇದ್ದಾಗ ಅದನ್ನೇ ಬಳಸಿ.

ಕೊರತೆಗಳೂ ಇವೆ. ಬೇರೆ ಬೇರೆ ರೆಸಲ್ಯೂಷನ್‌ನ ಲೇಯರ್‌ಗಳನ್ನು ಬೆರೆಸಿದರೆ ನಿಯರೆಸ್ಟ್ ನೇಬರ್‌ನಲ್ಲಿ (ಹತ್ತಿರದ ಪಿಕ್ಸೆಲ್‌ನ ಸಂಖ್ಯೆಯನ್ನೇ ತೆಗೆದುಕೊಳ್ಳುವ ವಿಧಾನ) ತಾನೇ ಹೊಂದಿಸಿಬಿಡುತ್ತದೆ. ಎತ್ತರ, ಉಷ್ಣಾಂಶದಂಥ ದತ್ತಾಂಶಕ್ಕೆ ಇದು ಒಗ್ಗುವುದಿಲ್ಲ, ಮೊದಲೇ ಒಂದೇ ರೆಸಲ್ಯೂಷನ್‌ಗೆ ರೀಸ್ಯಾಂಪಲ್ ಮಾಡಿಕೊಳ್ಳಿ. ಒಂದು ಲೇಯರ್‌ನಲ್ಲಿ ನೋಡೇಟಾ (ದತ್ತಾಂಶವಿಲ್ಲದ ಪಿಕ್ಸೆಲ್) ಇದ್ದರೆ ಉತ್ತರದಲ್ಲೂ ಆ ಜಾಗ ಖಾಲಿ. ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಸೇರಿಸಿ ಮಾಡುವ ಲೆಕ್ಕ ಇಲ್ಲಿ ಆಗುವುದಿಲ್ಲ. ಅದಕ್ಕೆ ಗ್ರಾಸ್ ತಂತ್ರಾಂಶದ ಆರ್.ನೇಬರ್ಸ್ ಇದೆ.

ಐದಕ್ಕೆ ನಾಲ್ಕು ಸ್ಟಾರ್. ತ್ರಿಕೋನಮಿತಿಯ ಬಟನ್‌ಗಳ ಪಕ್ಕ ‘ರೇಡಿಯನ್‌ನಲ್ಲಿ ಕೊಡಿ’ ಎಂದು ಬರೆದ ದಿನ ಐದನೆಯದನ್ನೂ ಕೊಡುತ್ತೇನೆ.